ಸಮುದ್ರ ನೋಡಾಕ ಹೋಗೂಣು ಬರ್ರಿ



ನಮ್ಮ ಅನಂತಪುರದ ಕಡೆ ನೀರು ಅಂದರೆ ಬಾವಿ ನೀರು, ಬೋರಿನ ನೀರು. ದೊಡ್ಡ ನೀರು ಅಂದರೆ ಕೃಷ್ಣಾ ಹೊಳೆ. ಹೊಳೆಗೆ ಆಚೆ ದಂಡೆ ಇದೆ. ಸಮುದ್ರಕ್ಕೆ ಆಚೆ ದಂಡೆಯೇ ಕಾಣುವುದಿಲ್ಲ. ಈ ಮಾತು ನಾವೆಲ್ಲ ಕೇಳಿದ್ದೇವೆ. ಟಿ.ವಿ.ಯಲ್ಲಿ ನೋಡಿದ್ದೇವೆ. ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ಗಂಡಸರು ಹೋಗಿ ಬಂದಿದ್ದಾರೆ. ಸಾಲಿ ಹುಡುಗರು ಟ್ರಿಪ್ಪಿಗೆ ಹೋಗಿ ಬಂದಿದ್ದಾರೆ. ಅವರಿಗೆ ಬುತ್ತಿ ಕಟ್ಟಿ ಕಳಿಸಿದವರು ನಾವು.

ಈಗ ನಾವು ಅಕ್ಷರ ಕಲಿತಿದ್ದೇವೆ. ಕೂಡಿಸಲು, ಕಳೆಯಲು ಬರುತ್ತದೆ. ಈ ಪಾಠದಲ್ಲಿ ನಾವೇ ಒಂದು ಪ್ರವಾಸ ತಯಾರು ಮಾಡೋಣ. 12 ಮಂದಿ ಹೆಣ್ಣುಮಕ್ಕಳು, ಒಂದು ಗಾಡಿ, 4 ದಿನ. ಗಾಡಿಯಲ್ಲೇ ಅಡಿಗೆ ಸಾಮಾನು. ದಾರಿ ಸಮುದ್ರದ ಬದಿಗೆ.

ಮನಿಯಂಥ ಗಾಡಿ

ಪರದೇಶಗಳಲ್ಲಿ ಒಂದು ನಮೂನೆ ಗಾಡಿ ಇದೆ. ಅದಕ್ಕೆ ಕ್ಯಾಂಪರ್ ವ್ಯಾನ್ ಅಂತಾರೆ. ಕ್ಯಾರವಾನ್ ಅಂತಲೂ ಅಂತಾರೆ. ಗಾಡಿಯ ಒಳಗೇ ಮಲಗುವ ಹಾಸಿಗೆ, ಒಲಿ, ನೀರಿನ ತೊಟ್ಟಿ ಇರುತ್ತವೆ. ಕೆಲವಕ್ಕೆ ಪಾಯಖಾನೆಯೂ ಇರುತ್ತದೆ. ನಮ್ಮ ದೇಶದಲ್ಲೂ ಇಂಥ ಗಾಡಿಗಳು ಬಾಡಿಗೆಗೆ ಸಿಗುತ್ತವೆ. ಆದರೆ ಬಾಡಿಗೆ ಬಹಳ. ಮಲಗುವ ಜಾಗ ಮೂರು-ನಾಲ್ಕು ಮಂದಿಗೆ ಮಾತ್ರ.

ಈ ಸಂಗತಿ ನಮಗೇನು ಹೊಸದಲ್ಲ. ನಮ್ಮ ಹಿರಿಯರು ಚಿಂಚಲಿ ಮಾಯಕ್ಕನ ಜಾತ್ರೆಗೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು. ಚಕ್ಕಡಿಯಲ್ಲಿ ಹಿಟ್ಟು, ಕಟ್ಟಿಗೆ, ಕೌದಿ, ಎತ್ತಿಗೆ ಮೇವು. ಸಂಜೆಯಾದಲ್ಲಿ ಎತ್ತು ಬಿಚ್ಚುವುದು. ಮೂರು ಕಲ್ಲು ಹೂಡಿ ಅಡಿಗೆ ಮಾಡುವುದು. ಚಕ್ಕಡಿಯ ಕೆಳಗೆ ಮಲಗುವುದು. ಅದೂ ಮನಿಯಂಥ ಗಾಡಿಯೇ.

ಈಗ ಎತ್ತಿನ ಜಾಗಕ್ಕೆ ಕ್ರೂಸರ್ ಬಂದಿದೆ, ಟೆಂಪೋ ಬಂದಿದೆ. ನಾವು ಕ್ರೂಸರ್ ಮಾಡೋಣ. ಅಡಿಗೆ ಸಾಮಾನು, ಹಾಸಿಗೆ ಗಾಡಿಯಲ್ಲಿರಲಿ. ರಾತ್ರಿ ಮಲಗುವುದು ಮಾತ್ರ ಧರ್ಮಶಾಲೆಯಲ್ಲಿ ಅಥವಾ ಲಾಡ್ಜಿನಲ್ಲಿ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಬಾಯಿಮಾತಿನ ಲೆಕ್ಕ

ಮೊದಲು ನಮಗಾದ ಒಂದು ಪೆಟ್ಟು ಕೇಳಿರಿ.

ಅಕ್ಷರ ಕಲಿಯುವ ಮುಂಚೆ ನಾವು ಹತ್ತು ಮಂದಿ ಗಾಡಿ ಮಾಡಿಕೊಂಡು ದೂರದ ಒಂದು ಗುಡಿಗೆ ಹೋಗಿದ್ದೆವು. ಮಾತೆಲ್ಲ ಬಾಯಿಯಲ್ಲೇ ಆಯಿತು. "ಕಿಲೋಮೀಟರಿಗೆ ಇಷ್ಟು ಕೊಡ್ರಿ" ಎಂದ ಗಾಡಿಯವ. "ಆಗಲಿ" ಎಂದೆವು. ಹೊರಡುವಾಗ ಮೀಟರು ಎಷ್ಟಿತ್ತು? ಯಾರೂ ನೋಡಲಿಲ್ಲ. ನೋಡಿದ್ದರೂ ಓದಲು ಬರುತ್ತಿರಲಿಲ್ಲ.

ತಿರುಗಿ ಬಂದ ಮೇಲೆ ಅವ ಹೇಳಿದ್ದೇ ಲೆಕ್ಕ. ನಾವು ಕೂಡಿಸಿದ ರೊಕ್ಕಕ್ಕೆ 4000 ರೂಪಾಯಿ ಕಡಿಮೆ ಬಿತ್ತು. ನಮ್ಮಲ್ಲಿ ಒಬ್ಬಾಕಿ ಡೇರಿಯ ಹಾಲಿನ ಬಿಲ್ಲು ತಂದು ಕೊಟ್ಟಳು. ಅದು ಎಮ್ಮಿಗೆ ಹಿಂಡಿ ತರಲು ಇಟ್ಟ ರೊಕ್ಕ. ಆಮೇಲೆ ಒಂದು ವರ್ಷ ಆಕಿ ಮನಿಯಲ್ಲಿ ಮಾತು ಕೇಳಿದಳು.

ಗಾಡಿಯವ ಸುಳ್ಳು ಹೇಳಿದನೋ, ಖರೆ ಹೇಳಿದನೋ? ಇವತ್ತಿಗೂ ನಮಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯೇ ನಮ್ಮ ಕೈಯಲ್ಲಿ ಇರಲಿಲ್ಲ.

ಅದಕ್ಕೇ ಈ ಸಲ ಎಲ್ಲ ಕಾಗದದ ಮೇಲೆ.

ಯಾವಾಗ ಹೋಗೋಣ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಆಗ ಕರಾವಳಿಯಲ್ಲಿ ಜೋರು ಮಳೆ. ನಮ್ಮ ಕಡೆ ವರ್ಷವೆಲ್ಲ ಬೀಳುವುದಕ್ಕಿಂತ ಹೆಚ್ಚು ಮಳೆ ಅಲ್ಲಿ ಒಂದೇ ತಿಂಗಳಲ್ಲಿ ಬೀಳುತ್ತದೆ. ಸಮುದ್ರವೂ ಕೆರಳಿರುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ ಹೊಳೆ. ರಸ್ತೆ ಬದಿಯ ಚಹಾದಂಗಡಿ ಮಣ್ಣಿನ ಪಾಲಾಯಿತು. ಅಂಗಡಿ ನಡೆಸುತ್ತಿದ್ದ ಕುಟುಂಬ ಸತ್ತುಹೋಯಿತು. ಅಲ್ಲಿ ಗಾಡಿ ನಿಲ್ಲಿಸಿದವರೂ ಸತ್ತರು. ಒಂದು ಲಾರಿ ಹೊಳೆಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ತಿಂಗಳಲ್ಲಿ.

ಇದರಿಂದ ನಾವು ಕಲಿಯುವುದು ಎರಡು ಮಾತು. ಮಳೆಗಾಲದಲ್ಲಿ ಆ ದಾರಿ ಹಿಡಿಯಬಾರದು. ಯಾವ ಕಾಲದಲ್ಲೇ ಆಗಲಿ, ಕಡಿದ ಗುಡ್ಡದ ಬುಡಕ್ಕೆ ಗಾಡಿ ನಿಲ್ಲಿಸಬಾರದು.

ದೀಪಾವಳಿಯಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ. ಆದರೆ ಆಗ ನಮ್ಮಲ್ಲಿ ಕಬ್ಬಿನ ಸುಗ್ಗಿ. ಕೆಲಸ ಬಿಟ್ಟು ಹೆಂಗ ಹೋಗೂದು?

"ನಾವ್ ನಾಕ ದಿನಾ ಇಲ್ಲಂದ್ರ ಎಮ್ಮಿ ಹಿಂಡವರ ಯಾರವ್ವಾ?" ಅಂತ ಒಬ್ಬಾಕಿ ಕೇಳಿದಳು.

ಅದಕ್ಕೆ ಸಂಘದಲ್ಲೇ ಉತ್ತರ ಸಿಕ್ಕಿತು. ಎರಡು ಗುಂಪು ಮಾಡುವುದು. ಮೊದಲ ಗುಂಪು ಹೋದಾಗ ಎರಡನೆಯ ಗುಂಪಿನವರು ಅವರ ದನ ನೋಡುವುದು. ಇವರು ಬಂದ ಮೇಲೆ ಅವರು ಹೋಗುವುದು. ಯಾರ ಎಮ್ಮಿ ಯಾರು ಹಿಂಡಬೇಕು ಅನ್ನುವುದನ್ನೂ ಬರೆದಿಡುವುದು.

ದಾರಿ ಯಾವುದು?

ಕರ್ನಾಟಕದ ಭೂಪಟ ಗೋಡೆಗೆ ಹಾಕೋಣ. ನಮ್ಮ ಊರು ಮೇಲೆ, ಮಹಾರಾಷ್ಟ್ರದ ಗಡಿಗೆ. ಸಮುದ್ರ ಎಡಗಡೆ, ಅಂದರೆ ಪಡುವಣಕ್ಕೆ. ನಡುವೆ ಸಹ್ಯಾದ್ರಿ ಗುಡ್ಡ ಗೋಡೆಯ ಹಾಗೆ ನಿಂತಿದೆ.

ನಮ್ಮ ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ. ಅಲ್ಲಿಂದ ಪಡುವಣ ಸಮುದ್ರ ಸುಮಾರು 65 ಕಿಲೋಮೀಟರು ಅಷ್ಟೇ. ಆದರೆ ಗುಡ್ಡ ಅಡ್ಡ ಇದೆ. ಅದಕ್ಕೆ ಕೃಷ್ಣೆ ಮೂಡಣಕ್ಕೆ ತಿರುಗಿ, ಸುಮಾರು 1400 ಕಿಲೋಮೀಟರು ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಹಾಗಲ್ಲ. ಅದು ಬೇಡ್ತಿಯನ್ನು ಕೂಡಿ, ಗಂಗಾವಳಿ ಆಗಿ, ಗುಡ್ಡ ಇಳಿದು ಪಡುವಣ ಸಮುದ್ರ ಸೇರುತ್ತದೆ. ನಾವೂ ಧಾರವಾಡದಿಂದ ಗುಡ್ಡ ಇಳಿಯುವ ದಾರಿ ಹಿಡಿಯೋಣ.

1ನೇ ದಿನ: ಅನಂತಪುರ, ಅಥಣಿ, ಹಾರೂಗೇರಿ, ಗೋಕಾಕ, ಯರಗಟ್ಟಿ, ಸವದತ್ತಿ, ಧಾರವಾಡ. ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ, ಅಂಕೋಲಾ, ಗೋಕರ್ಣ. ಸುಮಾರು 350 ಕಿಲೋಮೀಟರು. ಮುಂಜಾನೆ 5 ಗಂಟೆಗೆ ಹೊರಡಬೇಕು. ಹೊತ್ತು ಮುಳುಗುವ ಮುಂಚೆ ಘಾಟ ಇಳಿಯಬೇಕು. ರಾತ್ರಿ ಗೋಕರ್ಣದಲ್ಲಿ.

2ನೇ ದಿನ: ಗೋಕರ್ಣದ ಮಹಾಬಲೇಶ್ವರ ದೇವರು, ಸಮುದ್ರ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆ. ಆಮೇಲೆ ಕುಮಟಾ, ಹೊನ್ನಾವರ, ಇಡಗುಂಜಿ ಗಣಪತಿ. ರಾತ್ರಿ ಮುರ್ಡೇಶ್ವರದಲ್ಲಿ.

3ನೇ ದಿನ: ಮುರ್ಡೇಶ್ವರ ನೋಡಿ, ಭಟ್ಕಳ, ಬೈಂದೂರು ದಾಟಿ ಮರವಂತೆ. ಅಲ್ಲಿಂದ ತಿರುಗಿ ಕುಮಟಾ. ರಾತ್ರಿ ಅಲ್ಲೇ.

4ನೇ ದಿನ: ಬಂದ ದಾರಿಯಲ್ಲೇ ಊರಿಗೆ.

ಅಂಕೋಲಾದಿಂದ ಮುಂದೆ ನಾವು ಹೋಗುವುದು ರಾಷ್ಟ್ರೀಯ ಹೆದ್ದಾರಿ 66. ಇದು ಮಹಾರಾಷ್ಟ್ರದ ಪನವೇಲದಿಂದ ಕನ್ಯಾಕುಮಾರಿವರೆಗೆ ಹೋಗುತ್ತದೆ. ಇದಕ್ಕೆ ಮೊದಲು 17 ಅಂತ ನಂಬರ್ ಇತ್ತು. ಹಳೆ ಮಂದಿ ಇನ್ನೂ ಹಾಗೇ ಅಂತಾರೆ.

ದಾರಿಯಲ್ಲಿ ಕಿಲೋಮೀಟರ್ ಕಲ್ಲು ಓದುತ್ತ ಹೋಗೋಣ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಲ್ಲಿನ ಮೇಲೆ ಊರಿನ ಹೆಸರು, ಎಷ್ಟು ದೂರ ಅಂತ ಇರುತ್ತದೆ. "ಇನ್ನ ಎಷ್ಟ ದೂರ ಅದ ಅಣ್ಣಾ?" ಅಂತ ಡ್ರೈವರನ್ನು ಮತ್ತೆ ಮತ್ತೆ ಕೇಳಬೇಕಿಲ್ಲ.

ಗಾಡಿ ಹೆಂಗ ನೋಡೂದು?

ಬಾಡಿಗೆಗೆ ಓಡುವ ಗಾಡಿಯ ನಂಬರ್ ಹಲಗೆ ಹಳದಿ ಇರಬೇಕು. ಅಕ್ಷರ ಕರಿ ಇರಬೇಕು. ಬಿಳಿ ಹಲಗೆ ಇದ್ದರೆ ಅದು ಸ್ವಂತಕ್ಕೆ ಇಟ್ಟುಕೊಂಡ ಗಾಡಿ. ಬಿಳಿ ಹಲಗೆಯ ಗಾಡಿ ಕಡಿಮೆ ರೊಕ್ಕಕ್ಕೆ ಬರಬಹುದು. ಆದರೆ ಅಪಘಾತವಾದರೆ ವಿಮೆಯ ರೊಕ್ಕಕ್ಕೆ ತಕರಾರು ಏಳುತ್ತದೆ. ನೂರು ರೂಪಾಯಿ ಉಳಿಸಲು ಹೋಗಿ ಜೀವಕ್ಕೆ ಬೆಲೆ ಇಲ್ಲದಂತೆ ಮಾಡಿಕೊಳ್ಳಬಾರದು.

ಮಾಲೀಕನಿಗೆ ಈ ಕಾಗದ ತೋರಿಸಲು ಹೇಳಬೇಕು: ಗಾಡಿಯ ಆರ್.ಸಿ., ಪರ್ಮಿಟ್, ವಿಮೆ, ಗಾಡಿ ಓಡಲು ಸರಿಯಿದೆ ಅನ್ನುವ ಫಿಟ್‌ನೆಸ್ ಪತ್ರ, ಡ್ರೈವರನ ಲೈಸೆನ್ಸ್. ಎಲ್ಲದರ ಮೇಲೂ ತಾರೀಖು ಇರುತ್ತದೆ. ತಾರೀಖು ಮುಗಿದಿದೆಯೇ ನೋಡಬೇಕು. ಎಷ್ಟು ಸೀಟು ಅಂತಲೂ ಬರೆದಿರುತ್ತದೆ. ಅದಕ್ಕಿಂತ ಒಬ್ಬರೂ ಹೆಚ್ಚು ಬೇಡ. "ಒಂದ ಸಣ್ಣ ಕೂಸು, ಸರದ ಕುಂಡ್ರತೀವಿ" ಅಂತ ಶುರು ಆದರೆ 12 ಇದ್ದದ್ದು 18 ಆಗುತ್ತದೆ.

ಆಮೇಲೆ ಒಂದು ಕರಾರು ಚೀಟಿ ಬರೆಯೋಣ. ಅದರಲ್ಲಿ ಇವು ಇರಬೇಕು:

ಗಾಡಿಯ ನಂಬರ್. ಹೊರಡುವ ತಾರೀಖು, ತಿರುಗಿ ಬರುವ ತಾರೀಖು.
ಕಿಲೋಮೀಟರಿಗೆ ಎಷ್ಟು ರೂಪಾಯಿ.
ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರು ಹಿಡಿಯುತ್ತಾರೆ.
ಡೀಸೆಲ್ ಯಾರದು. ಟೋಲ್ ಯಾರದು.
ಡ್ರೈವರನ ಭತ್ಯೆ ದಿನಕ್ಕೆ ಎಷ್ಟು.
ಮುಂಗಡ ಎಷ್ಟು ಕೊಟ್ಟೆವು.
ಹೊರಡುವಾಗಿನ ಮೀಟರ್, ಬಂದಾಗಿನ ಮೀಟರ್.
ಗಾಡಿಯವರ ಸಹಿ, ನಮ್ಮ ಸಹಿ.

ಹೌದು, ನಮ್ಮ ಸಹಿ. ಹೆಬ್ಬೆಟ್ಟಲ್ಲ.

ಇನ್ನೊಂದು ಮಾತು. ಡ್ರೈವರ್ ಅಣ್ಣನೂ ಮನುಷ್ಯ. ಅವನಿಗೆ ಊಟ, ನಿದ್ದೆ ಸರಿಯಾಗಿ ಸಿಗಬೇಕು. ರಾತ್ರಿ ಹೊತ್ತು ಗಾಡಿ ಓಡಿಸುವುದು ಬೇಡ. ಹಗಲಿನಲ್ಲೂ ನಮ್ಮಲ್ಲಿ ಒಬ್ಬರು ಮುಂದೆ ಕೂತು ಎಚ್ಚರ ಇರಬೇಕು.

ರೊಕ್ಕದ ಲೆಕ್ಕ

ಕೆಳಗಿನ ದರ ಲೆಕ್ಕ ಕಲಿಯಲು ಬರೆದದ್ದು. ಹೊರಡುವಾಗ ಇರುವ ದರ ಕೇಳಿ ಇದೇ ನಮೂನೆ ಬರೆದುಕೊಳ್ಳಿರಿ.

ಕಿಲೋಮೀಟರಿಗೆ 18 ರೂಪಾಯಿ ಅಂತ ಹಿಡಿಯೋಣ. ದಿನಕ್ಕೆ ಕನಿಷ್ಠ 250 ಕಿಲೋಮೀಟರು ಅಂತ ಕರಾರು. 4 ದಿನಕ್ಕೆ 1000 ಕಿಲೋಮೀಟರು ಆಯಿತು.

ಗಾಡಿ ಬಾಡಿಗೆ: 18,000
ಡ್ರೈವರ್ ಭತ್ಯೆ, 4 ದಿನ: 2,000
ಟೋಲ್, ಗಾಡಿ ನಿಲ್ಲಿಸುವ ಪಾವತಿ: 1,500
ಅಡಿಗೆ ಸಾಮಾನು, ಚಹಾ, ಹಾಲು: 4,000
ಮಲಗುವ ಜಾಗ, 3 ರಾತ್ರಿ: 7,500
ಅಡಚಣೆಗೆ ಇಟ್ಟ ರೊಕ್ಕ: 3,000
ಒಟ್ಟು: 36,000

12 ಮಂದಿಗೆ ಹಂಚಿದರೆ ಒಬ್ಬರಿಗೆ 3,000. ತಿಂಗಳಿಗೆ 250 ರೂಪಾಯಿ ಕೂಡಿಟ್ಟರೆ ಒಂದು ವರ್ಷಕ್ಕೆ ಆಗುತ್ತದೆ. ಸಂಘದ ಸಾಲ ತೆಗೆದು ಪ್ರವಾಸ ಹೋಗುವುದು ಬೇಡ. ಸಾಲ ಎಮ್ಮಿಗೆ ಇರಲಿ, ಹೊಲಿಗೆ ಮಷೀನಿಗೆ ಇರಲಿ. ತಿರುಗಾಟಕ್ಕೆ ಕೂಡಿಟ್ಟ ರೊಕ್ಕ.

ಈಗ ಮೀಟರ್ ನೋಡೋಣ. ಹೊರಡುವಾಗ 45,210 ಇತ್ತು. ಬಂದಾಗ 46,190 ಇದೆ. ಕಳೆದರೆ 980. ನಾವು ಓಡಿಸಿದ್ದು 980 ಕಿಲೋಮೀಟರು. ಆದರೆ ಕರಾರಿನ ಪ್ರಕಾರ 1000ಕ್ಕೆ ಕೊಡಬೇಕು. ಇದು ಮೋಸವಲ್ಲ, ಮೊದಲೇ ಒಪ್ಪಿದ ಮಾತು. ಗಾಡಿಯವರು 1200 ಅಂದರೆ ಮಾತ್ರ ಚೀಟಿ ತೆಗೆದು ತೋರಿಸಬೇಕು. ಜಗಳ ಬೇಡ. ಚೀಟಿ ಸಾಕು.

ರೊಕ್ಕ ಒಬ್ಬರ ಕೈಯಲ್ಲಿ ಇರಲಿ. ಲೆಕ್ಕ ಇನ್ನೊಬ್ಬರು ಬರೆಯಲಿ. ದಿನಾ ರಾತ್ರಿ ಎಲ್ಲರ ಮುಂದೆ ಓದಿ ಹೇಳಲಿ.

ರೊಕ್ಕ ಕಡಿಮೆ ಇದ್ದವರಿಗೆ ಇನ್ನೊಂದು ದಾರಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯದ ಒಳಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿಗೆ ರೊಕ್ಕ ಕೊಡಬೇಕಿಲ್ಲ. ಎ.ಸಿ. ಬಸ್ಸು, ಮಲಗುವ ಬಸ್ಸು ಇದರಲ್ಲಿ ಬರುವುದಿಲ್ಲ. ಅಥಣಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಅಂಕೋಲಾ, ಕುಮಟಾ ಕಡೆಗೆ ಬಸ್ಸಿನಲ್ಲಿ ಹೋಗಬಹುದು. ಆಧಾರ್ ಕಾರ್ಡು ಜೊತೆಗಿರಲಿ. ಮಲಗುವುದು, ಉಣ್ಣುವುದು ಇಷ್ಟಕ್ಕೇ ಖರ್ಚು.

ಬುತ್ತಿ, ಒಲಿ, ಹಾಸಿಗೆ

ಮೊದಲ ಎರಡು ದಿನಕ್ಕೆ ಬುತ್ತಿ ನಮ್ಮದೇ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಇವು ಕೆಡುವುದಿಲ್ಲ. ಕರಾವಳಿಯಲ್ಲಿ ಗಾಳಿ ಹಸಿ ಇರುತ್ತದೆ. ಖಡಕ್ ರೊಟ್ಟಿ ಅಲ್ಲಿ ಬೇಗ ಮೆತ್ತಗಾಗುತ್ತದೆ. ಅದಕ್ಕೆ ರೊಟ್ಟಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಅನ್ನ, ಬ್ಯಾಳಿ ಅಲ್ಲೇ ಮಾಡೋಣ.

ಒಲಿ ಹಚ್ಚುವುದು ಗಾಡಿಯ ಹೊರಗೆ, ಬಯಲಿನಲ್ಲಿ. ಗಾಡಿಯ ಒಳಗೆ ಎಂದಿಗೂ ಬೇಡ. 2023ರ ಆಗಸ್ಟ್ 26ರಂದು ತಮಿಳುನಾಡಿನ ಮದುರೈಯಲ್ಲಿ ಏನಾಯಿತು ಗೊತ್ತೇ? ಯಾತ್ರೆಗೆ ಬಂದವರ ರೈಲು ಡಬ್ಬಿ ಸ್ಟೇಷನ್ ಹತ್ತಿರ ನಿಂತಿತ್ತು. ಒಳಗೆ ಗ್ಯಾಸ್ ಸಿಲಿಂಡರ್ ಇತ್ತು. ಮುಂಜಾನೆ ಚಹಾ ಮಾಡಲು ಹೋದಾಗ ಬೆಂಕಿ ಹತ್ತಿತು. 9 ಮಂದಿ ಸತ್ತರು. ನಾವು ಅಡಿಗೆ ಮುಗಿದ ಕೂಡಲೇ ಸಿಲಿಂಡರ್ ಬಂದ್ ಮಾಡಿ, ಕೈಯಿಂದ ಮುಟ್ಟಿ ನೋಡಬೇಕು. ಯಲ್ಲಾಪುರದ ಕಾಡಿನಲ್ಲಿ ಒಲಿ ಹಚ್ಚಬಾರದು. ಒಂದು ಕಿಡಿ ಸಾಕು, ಕಾಡು ಸುಡಲು.

ಇನ್ನು ಮಲಗುವುದು. "ಗಾಡ್ಯಾಗ ಮಲಗಿದ್ರ ರೊಕ್ಕಾ ಉಳಿತಾವಲ್ಲ?" ಅಂತ ಕೇಳಬಹುದು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ಒಂದು ಕ್ಯಾರವಾನ್ ರಸ್ತೆ ಬದಿಗೆ ನಿಂತಿತ್ತು. ಒಳಗೆ ನೋಡಿದರೆ ಇಬ್ಬರು ಸತ್ತಿದ್ದರು. ಜನರೇಟರ್‌ನ ವಿಷದ ಗಾಳಿ ಒಳಗೆ ತುಂಬಿತ್ತು. ಈ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಎಂಜಿನ್ ಚಾಲೂ ಇಟ್ಟು, ಕಾಜು ಮುಚ್ಚಿ ಮಲಗಿದರೂ ಇದೇ ಅಪಾಯ. ಕೆಂಡದ ಒಲಿ ಒಳಗಿಟ್ಟರೂ ಇದೇ ಅಪಾಯ. ಅದಕ್ಕೇ ನಾವು ಗಾಡಿಯಲ್ಲಿ ಮಲಗುವುದು ಬೇಡ. ಹೊರಡುವ ಮುಂಚೆಯೇ ಫೋನ್ ಮಾಡಿ ಜಾಗ ಗೊತ್ತು ಮಾಡಿಕೊಳ್ಳೋಣ.

ನಮ್ಮ ಮೈ, ನಮ್ಮ ಕಾಳಜಿ

ದಾರಿಯಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ತ್ರಾಸು ಯಾವುದು? ಬಾಯಿ ಬಿಟ್ಟು ಹೇಳೋಣ. ಒಂದಕ್ಕೆ ಹೋಗಲು ಜಾಗ ಸಿಗುವುದಿಲ್ಲ. ಅದಕ್ಕೆ ನಾವು ನೀರೇ ಕುಡಿಯುವುದಿಲ್ಲ. ಆಮೇಲೆ ಉರಿ, ಹೊಟ್ಟೆನೋವು.

ಹಾಗೆ ಮಾಡಬಾರದು. ಎರಡು ತಾಸಿಗೆ ಒಮ್ಮೆ ಗಾಡಿ ನಿಲ್ಲಬೇಕು ಅಂತ ಮೊದಲೇ ಡ್ರೈವರನಿಗೆ ಹೇಳಬೇಕು. ದೊಡ್ಡ ಪೆಟ್ರೋಲ್ ಬಂಕ್, ಬಸ್ ಸ್ಟ್ಯಾಂಡ್ ಇಂಥ ಕಡೆ ಪಾಯಖಾನೆ ಇರುತ್ತದೆ. ಹೊನ್ನಾವರ ಹತ್ತಿರದ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟ ಅನ್ನುವ ಮನ್ನಣೆ ಸಿಕ್ಕಿತು. ತೀರ ಸ್ವಚ್ಛ ಇರಬೇಕು, ಪಾಯಖಾನೆ ಇರಬೇಕು. ಹಾಗಿದ್ದ ತೀರಕ್ಕೆ ಮಾತ್ರ ಆ ಬಾವುಟ ಕೊಡುತ್ತಾರೆ.

ಚೀಲದಲ್ಲಿ ಇವು ಇರಲಿ: ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ, ಮುಟ್ಟಿನ ಬಟ್ಟೆ ಅಥವಾ ಪ್ಯಾಡ್, ಓ.ಆರ್.ಎಸ್. ಪುಡಿ, ಬ್ಯಾಟರಿ, ಒಂದು ಜೊತೆ ಹೆಚ್ಚಿನ ಬಟ್ಟೆ. ಘಾಟದಲ್ಲಿ ವಾಂತಿ ಆಗುವವರು ಮುಂದೆ ಕೂಡ್ರಲಿ.

ಈ ನಂಬರ್ ಕಾಗದದ ಮೇಲೆ ಬರೆದು ಕುಪ್ಪಸದಲ್ಲಿ ಇಟ್ಟುಕೊಳ್ಳಿರಿ. ಫೋನ್ ಕಳೆದರೂ ಕಾಗದ ಇರುತ್ತದೆ.

112 – ಪೊಲೀಸರು, ಯಾವುದೇ ಆಪತ್ತು
108 – ಆಂಬುಲೆನ್ಸ್
181 – ಹೆಣ್ಣುಮಕ್ಕಳ ಸಹಾಯ
1033 – ರಾಷ್ಟ್ರೀಯ ಹೆದ್ದಾರಿಯ ಸಹಾಯ

ಅದೇ ಕಾಗದದ ಮೇಲೆ ಮನಿಯ ಎರಡು ಫೋನ್ ನಂಬರ್ ಕೂಡ ಬರೆಯಿರಿ.

ಸಮುದ್ರದ ಮುಂದೆ ನಿಂತಾಗ

ಈಗ ಗಾಡಿ ಸಮುದ್ರಕ್ಕೆ ಮುಟ್ಟಿತು ಅಂತ ತಿಳಿಯೋಣ. ಎಲ್ಲರೂ ಇಳಿದು ಓಡುತ್ತೇವೆ. ಇಲ್ಲಿ ಸ್ವಲ್ಪ ನಿಲ್ಲಿರಿ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಸಾಲಿ ಹುಡುಗಿಯರು ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದರು. ನಮ್ಮ ಹಾಗೇ ದೂರದ ಒಣ ನಾಡಿನಿಂದ ಬಂದವರು. ನೀರಿಗೆ ಇಳಿದಾಗ ಅಲೆ ಎಳೆಯಿತು. ನಾಲ್ಕು ಹುಡುಗಿಯರು ಸತ್ತರು. ಅವರ ತಾಯಂದಿರೂ ಬುತ್ತಿ ಕಟ್ಟಿ ಕಳಿಸಿದವರೇ.

ಸಮುದ್ರ ಕೆರೆಯಲ್ಲ, ಹೊಳೆಯಲ್ಲ. ಅಲೆ ಬಂದು ಬಡಿಯುವುದು ಕಾಣುತ್ತದೆ. ಬಂದ ನೀರು ಹಿಂದಕ್ಕೆ ಹೋಗುವುದು ಕಾಣುವುದಿಲ್ಲ. ಅದು ಕೆಲವು ಕಡೆ ಕಾಲುವೆಯ ಹಾಗೆ ಒಂದೇ ಜಾಗದಲ್ಲಿ ಜೋರಾಗಿ ಹಿಂದೆ ಹರಿಯುತ್ತದೆ. ಈಜು ಬರುವವರನ್ನೂ ಎಳೆದುಕೊಂಡು ಹೋಗುತ್ತದೆ. ಅಕ್ಕಪಕ್ಕ ಅಲೆ ಮುರಿಯುತ್ತಿದ್ದು, ನಡುವೆ ಒಂದು ಕಡೆ ನೀರು ಸುಮ್ಮನೆ ಕಂಡರೆ ಅಲ್ಲೇ ಸೆಳೆತ ಇರಬಹುದು.

ಅದಕ್ಕೆ ಇವನ್ನು ನೆನಪಿಡೋಣ:

ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯಬಾರದು. ಸೀರೆ ತೊಯ್ದರೆ ಭಾರ ಆಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ.
ಕೆಂಪು ಬಾವುಟ ಇದ್ದಲ್ಲಿ ನೀರಿಗೆ ಕಾಲು ಇಡಬಾರದು.
ಇಬ್ಬರಿಬ್ಬರು ಜೋಡಿ ಮಾಡಿ ಕೈ ಹಿಡಿದು ನಿಲ್ಲಬೇಕು. ಸಮುದ್ರಕ್ಕೆ ಬೆನ್ನು ಮಾಡಬಾರದು.
ಬಂಡೆಯ ಮೇಲೆ ಹತ್ತಿ ಫೋಟೋ ತೆಗೆಯುವುದು ಬೇಡ. ಅಲ್ಲಿ ಪಾಚಿ ಜಾರುತ್ತದೆ.
ಯಾರಾದರೂ ಸೆಳೆತಕ್ಕೆ ಸಿಕ್ಕರೆ ನಾವು ಹಾರಬಾರದು. ತೀರದ ಕಾವಲಿನವರನ್ನು, ಮೀನುಗಾರರನ್ನು ಕೂಗಬೇಕು. ತೇಲುವ ಕೊಡ, ಹಗ್ಗ ಎಸೆಯಬೇಕು. ಸಿಕ್ಕವರು ಸೆಳೆತಕ್ಕೆ ಎದುರು ಬಡಿದಾಡದೆ, ದಂಡೆಗೆ ಸರಿಸಮ ಪಕ್ಕಕ್ಕೆ ಹೋಗಬೇಕು.

ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾಸಿ, ಹುಣ್ಣಿಮೆಗೆ ಏರುವುದು ಹೆಚ್ಚು. ತಿಥಿ ನಮಗೆ ಬಾಯಿಪಾಠ ಇದೆ. ಆ ದಿನ ಇನ್ನೂ ಎಚ್ಚರ ಇರಬೇಕು. ಗಾಡಿಯನ್ನು ಮರಳಿನ ಮೇಲೆ ಇಳಿಸಬಾರದು. ಗಾಲಿ ಹೂತುಕೊಳ್ಳುತ್ತದೆ, ನೀರು ಏರಿ ಬರುತ್ತದೆ.

ಕಣ್ತುಂಬ ನೋಡೋಣ

ಅಂಜಿಕೆಯ ಮಾತು ಮುಗಿಯಿತು. ಈಗ ಸಂತೋಷದ ಮಾತು.

ಅಂಕೋಲಾಕ್ಕೆ ಬಂದಾಗ ನೆನೆಯಬೇಕಾದ ಸಂಗತಿ ಇದೆ. 1930ರಲ್ಲಿ ಗಾಂಧೀಜಿ ದಾಂಡಿಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಒಂದೇ ವಾರಕ್ಕೆ, ಏಪ್ರಿಲ್ 13ರಂದು ಅಂಕೋಲಾದ ಮಂದಿ ಕೂಡ ಉಪ್ಪು ಮಾಡಿ ಕಾಯಿದೆ ಮುರಿದರು. ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಸಾಲಿಗೆ ಹೋದವರಲ್ಲ. ಗಿಡ ಬೆಳೆಸುವ ವಿದ್ಯೆ ಅವರ ಕೈಯಲ್ಲಿತ್ತು. 2021ರಲ್ಲಿ ಬರಿಗಾಲಲ್ಲಿ ದೆಹಲಿಗೆ ಹೋಗಿ ರಾಷ್ಟ್ರಪತಿಯವರಿಂದ ಪದ್ಮಶ್ರೀ ಪಡೆದರು. 2024ರಲ್ಲಿ ತೀರಿಕೊಂಡರು.

ಸಾಣಿಕಟ್ಟೆಯಲ್ಲಿ ಸಮುದ್ರದ ನೀರನ್ನು ಸಣ್ಣ ಸಣ್ಣ ಮಡಿಗೆ ಬಿಡುತ್ತಾರೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಬಿಸಿಲು ಏರಿದ ಮೇಲೆ ಹೋದರೆ ಉಪ್ಪಿನ ರಾಶಿ ಕಾಣುತ್ತದೆ. ದಿನಾ ಸಾರಿಗೆ ಹಾಕುವ ಉಪ್ಪು ಹೆಂಗ ಆಗುತ್ತದೆ ಅಂತ ಅಲ್ಲಿ ನೋಡಬಹುದು.

ದಾರಿಯಲ್ಲಿ ಅಘನಾಶಿನಿ, ಶರಾವತಿ ಹೊಳೆ ದಾಟುತ್ತೇವೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುತ್ತದೆ. ಮುರ್ಡೇಶ್ವರದಲ್ಲಿ 123 ಅಡಿ ಎತ್ತರದ ಶಿವನ ಮೂರ್ತಿ ಇದೆ. 20 ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇದೆ. ಮೇಲಿಂದ ನೋಡಿದರೆ ಮೂರು ಕಡೆ ನೀರು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ನಡುವೆ ನಮ್ಮ ಗಾಡಿ. ಇಂಥ ಜಾಗ ಬಹಳ ಕಡಿಮೆ. ಅಲ್ಲಿ ಒಂದು ತಾಸು ಸುಮ್ಮನೆ ಕೂಡೋಣ. ನಮ್ಮ ಪ್ರವಾಸದಲ್ಲಿ ಯಾರಿಗೂ ಚಹಾ ಮಾಡಿ ಕೊಡದೆ ಕೂಡ್ರುವ ಒಂದು ತಾಸು ಇರಲಿ.

ಬರುವಾಗ ಪ್ಲಾಸ್ಟಿಕ್ ಚೀಲ, ಎಲೆ, ಹಳಸಿದ ಅನ್ನ ತೀರದಲ್ಲಿ ಬಿಡಬಾರದು. ಅದು ಮೀನುಗಾರರ ಹೊಲ. ನಮ್ಮ ಹೊಲದಲ್ಲಿ ಯಾರಾದರೂ ಕಸ ಚೆಲ್ಲಿದರೆ ನಾವು ಸುಮ್ಮನಿರುತ್ತೇವೆಯೇ?

ಮನಿಯವರಿಗೆ ಹೆಂಗ ಹೇಳೂದು?

"ಅತ್ತಿ ಏನಂತಾರೋ, ಮಾವಾರ ಏನಂತಾರೋ" ಅನ್ನುವ ಅಂಜಿಕೆ ನಮಗೆಲ್ಲ ಇದೆ. "ಗಂಡಸರಿಲ್ಲದ ಹೆಂಗ ಹೊಕ್ಕೀರಿ?" ಅಂತ ಕೇಳೇ ಕೇಳುತ್ತಾರೆ.

ಬರಿಗೈಯಲ್ಲಿ ಕೇಳಿದರೆ "ನೋಡೂಣು" ಅಂತಾರೆ. ಆ ನೋಡೂಣು ಮುಗಿಯುವುದಿಲ್ಲ. ನಾವು ಒಂದು ಹಾಳೆ ಕೊಡೋಣ. ಅದರಲ್ಲಿ ಯಾವ ದಿನ ಯಾವ ಊರು, ಯಾವ ರಾತ್ರಿ ಎಲ್ಲಿ, ಅಲ್ಲಿನ ಫೋನ್ ನಂಬರ್, ಗಾಡಿಯ ನಂಬರ್, ಜೊತೆಗೆ ಯಾರ್ಯಾರು, ಖರ್ಚು ಎಷ್ಟು, ಎಮ್ಮಿ ಯಾರು ಹಿಂಡುತ್ತಾರೆ, ಎಲ್ಲ ಇರಲಿ. ಆ ಹಾಳೆಯನ್ನು ನಾವೇ ಅವರ ಮುಂದೆ ಓದಿ ಹೇಳೋಣ. ದಿನಾ ಸಂಜೆ 7 ಗಂಟೆಗೆ ಫೋನ್ ಮಾಡುತ್ತೇವೆ ಅಂತ ಬರೆದು, ಹಾಗೇ ಮಾಡೋಣ.

ಆ ಹಾಳೆ ಓದಿದ ಮೇಲೂ ಯಾರಾದರೂ ಬೇಡ ಅನ್ನಬಹುದು. ಅವರ ಜೊತೆ ಸಂಘದವರು ಕೂತು ಮಾತಾಡೋಣ. ಒಂದು ಸಲಕ್ಕೆ ಆಗದಿದ್ದರೆ ಎರಡನೆಯ ಗುಂಪಿನಲ್ಲಿ ಆಕಿ ಹೆಸರು ಬರೆಯೋಣ. ಯಾರ ಹೆಸರನ್ನೂ ಹೊಡೆದು ಹಾಕುವುದು ಬೇಡ.

ಮಾತಾಡೋಣ, ಬರೆಯೋಣ

1. ನಿಮ್ಮ ಮನೆಯಲ್ಲಿ ಸಮುದ್ರ ನೋಡಿದವರು ಯಾರು? ಅವರನ್ನು ಕೇಳಿ ಎರಡು ಸಾಲು ಬರೆಯಿರಿ.
2. ಬಾಡಿಗೆ ಗಾಡಿಯ ನಂಬರ್ ಹಲಗೆಯ ಬಣ್ಣ ಯಾವುದು?
3. ಗಾಡಿ ಹೊರಟಾಗ ಮೀಟರ್ 52,340. ಬಂದಾಗ 53,290. ಎಷ್ಟು ಕಿಲೋಮೀಟರು ಆಯಿತು?
4. ಎಂಜಿನ್ ಚಾಲೂ ಇಟ್ಟು ಗಾಡಿಯಲ್ಲಿ ಯಾಕೆ ಮಲಗಬಾರದು?
5. ಒಂದು ಕರಾರು ಚೀಟಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಮಾಡಿರಿ.